ನಮ್ಮ ಆಕಾಶಗಂಗೆಯಲ್ಲಿ ಕಪ್ಪುಕುಳಿಗಳು ಎಷ್ಟು?

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ವಿಷಯವನ್ನು ಆರಿಸಿದವರು ಮಕ್ಕಳೇ. ವಿಜ್ಞಾನ ಸಂಘದವರು ನನಗೆ ಕಳಿಸಿದ ಚೀಟಿಯಲ್ಲಿ ಎರಡು ಪ್ರಶ್ನೆಗಳಿದ್ದವು. ನಮ್ಮ ಆಕಾಶಗಂಗೆಯಲ್ಲಿ ಎಷ್ಟು ಕಪ್ಪುಕುಳಿಗಳಿವೆ? ಕಾಣದೇ ಇರುವುದನ್ನು ಎಣಿಸಿದವರು ಯಾರು? ಮೊದಲನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಸುಮಾರು 10 ಕೋಟಿ. ಆದರೆ ಎರಡನೆಯ ಪ್ರಶ್ನೆ ಕೇಳದೆ ಇದನ್ನು ನೋಟ್ಸಿನಲ್ಲಿ ಬರೆದುಕೊಂಡರೆ ಅದು ಬರೀ ಬಾಯಿಪಾಠ. ಹಾಗಾಗಿ ನನ್ನ ಮಾತೆಲ್ಲ ಎರಡನೆಯ ಪ್ರಶ್ನೆಯ ಬಗ್ಗೆಯೇ.

ಕಪ್ಪುಕುಳಿ ಎಂದರೆ ತೂತಲ್ಲ, ಸತ್ತ ನಕ್ಷತ್ರ. ನಕ್ಷತ್ರದ ಒಡಲಿನಲ್ಲಿ ಇಂಧನ ಉರಿಯುವವರೆಗೆ ಆ ಶಾಖ ಹೊರಕ್ಕೆ ಒತ್ತುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ, ಎರಡೂ ಸಮನಾಗಿರುತ್ತವೆ. ಇಂಧನ ಮುಗಿದಾಗ ಎಳೆತವೇ ಗೆಲ್ಲುತ್ತದೆ. ಬಹಳ ಭಾರದ ನಕ್ಷತ್ರವಾದರೆ ಅದರ ತಿರುಳಿನ ಕುಸಿತವನ್ನು ಯಾವ ಬಲವೂ ತಡೆಯಲಾರದು. ಕೊನೆಗೆ ಬೆಳಕೂ ತಪ್ಪಿಸಿಕೊಳ್ಳಲಾಗದ ಸ್ಥಿತಿ ಬರುತ್ತದೆ. ಸೂರ್ಯನ ಹತ್ತರಷ್ಟು ತೂಕದ ಕಪ್ಪುಕುಳಿಯ ಅಡ್ಡಗಲ ಸುಮಾರು 60 ಕಿ.ಮೀ. ಮಾತ್ರ. ಬೆಂಗಳೂರಿನಿಂದ ತುಮಕೂರಿಗೆ ಇರುವಷ್ಟು ದೂರವೂ ಇಲ್ಲ! (ಊರಿನವರಿಗೆ ತಿಳಿಯಲೆಂದು ತೂಕ ಎನ್ನುತ್ತಿದ್ದೇನೆ, ಮಕ್ಕಳು ಪರೀಕ್ಷೆಯಲ್ಲಿ ದ್ರವ್ಯರಾಶಿ ಎಂದೇ ಬರೆಯಬೇಕು.)

ಈಗ ಲೆಕ್ಕಕ್ಕೆ ಬರೋಣ. ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವರನ್ನು ನೀವೆಲ್ಲ ನೋಡಿದ್ದೀರಿ. ಅವರು ಒಂದೊಂದೇ ಅಡಿಕೆ ಎಣಿಸುವುದಿಲ್ಲ. ಮರ ಎಷ್ಟು, ಮರಕ್ಕೆ ಗೊನೆ ಎಷ್ಟು, ಗೊನೆಗೆ ಕಾಯಿ ಎಷ್ಟು ಎಂದು ಅಲ್ಲಲ್ಲಿ ನೋಡಿ ಗುಣಿಸುತ್ತಾರೆ. ಅದಕ್ಕೆ ಊಹೆ ಎನ್ನುವುದಿಲ್ಲ, ಅಂದಾಜು ಎನ್ನುತ್ತೇವೆ. ಯಾವ ಹೆಜ್ಜೆಯಲ್ಲಿ ಎಷ್ಟು ಹೆಚ್ಚು ಕಡಿಮೆ ಆಗಬಹುದು ಎನ್ನುವುದು ಅವರಿಗೆ ಗೊತ್ತಿರುತ್ತದೆ. ಖಗೋಳ ವಿಜ್ಞಾನಿಗಳ ಕೆಲಸವೂ ಹೀಗೆಯೇ.

ಮೊದಲ ಹೆಜ್ಜೆ. ನಮ್ಮ ಆಕಾಶಗಂಗೆಯಲ್ಲಿ 10,000 ಕೋಟಿಯಿಂದ 40,000 ಕೋಟಿ ನಕ್ಷತ್ರಗಳಿವೆ. ಕಡಿಮೆ ಸಂಖ್ಯೆಯನ್ನೇ ಹಿಡಿಯೋಣ.

ಎರಡನೆಯ ಹೆಜ್ಜೆ. ಕಪ್ಪುಕುಳಿಯಾಗಲು ನಕ್ಷತ್ರ ಹುಟ್ಟುವಾಗಲೇ ಸೂರ್ಯನ ಇಪ್ಪತ್ತು ಇಪ್ಪತ್ತೈದು ಪಟ್ಟು ಭಾರವಿರಬೇಕು. ಅಂಥವು ಬಹಳ ಅಪರೂಪ. ಹೆಚ್ಚು ಕಡಿಮೆ ಸಾವಿರಕ್ಕೆ ಒಂದು. 10,000 ಕೋಟಿಯನ್ನು ಸಾವಿರದಿಂದ ಭಾಗಿಸಿದರೆ 10 ಕೋಟಿ.

ಮೂರನೆಯ ಹೆಜ್ಜೆ. ಭಾರದ ನಕ್ಷತ್ರಗಳು ದುಂದುಗಾರರು. ಸೂರ್ಯ ಸಾವಿರ ಕೋಟಿ ವರ್ಷ ಬಾಳಿದರೆ ಇವು ಕೆಲವೇ ದಶಲಕ್ಷ ವರ್ಷಗಳ ಲೆಕ್ಕದಲ್ಲಿ, ಹೆಚ್ಚೆಂದರೆ ಒಂದು ಕೋಟಿ ವರ್ಷದಲ್ಲಿ, ಉರಿದು ಮುಗಿಯುತ್ತವೆ. ಆಕಾಶಗಂಗೆಗೆ ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಿಂದೆ ಹುಟ್ಟಿದ ದೈತ್ಯ ನಕ್ಷತ್ರಗಳೆಲ್ಲ ಎಂದೋ ಸತ್ತಿವೆ. ಅವುಗಳ ಕಪ್ಪುಕುಳಿಗಳು ಮಾತ್ರ ಉಳಿದಿವೆ.

ಇದರಲ್ಲಿ ಅನಿಶ್ಚಿತತೆ ಎಲ್ಲಿದೆ? ನಕ್ಷತ್ರಗಳ ಒಟ್ಟು ಸಂಖ್ಯೆಯಲ್ಲಿ ಇದೆ. ಎಷ್ಟು ಭಾರದ ನಕ್ಷತ್ರ ಕಪ್ಪುಕುಳಿಯಾಗುತ್ತದೆ, ಯಾವುದು ಸಿಡಿದು ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯುತ್ತದೆ ಎಂಬುದರಲ್ಲಿ ಇದೆ. ಅದಕ್ಕೇ ಬೇರೆ ಬೇರೆ ಅಂದಾಜುಗಳು 1 ಕೋಟಿಯಿಂದ 100 ಕೋಟಿಯವರೆಗೆ ಹರಡಿವೆ. 10 ಕೋಟಿ ಎಂದು ಹೇಳುವವರು ಈ ಮಾತನ್ನೂ ಜೊತೆಗೆ ಹೇಳಬೇಕು. ಹೇಳದಿದ್ದರೆ ಅದು ವಿಜ್ಞಾನವಲ್ಲ.

ಇನ್ನು, ಇವುಗಳಲ್ಲಿ ನಾವು ನಿಜವಾಗಿ ಕಂಡುಕೊಂಡಿರುವುದು ಎಷ್ಟು? ತೂಕ ಅಳೆದು ಖಚಿತಪಡಿಸಿದವು ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು. ಸಂದೇಹದಲ್ಲಿ ಇರುವುದನ್ನೂ ಸೇರಿಸಿದರೆ ನೂರರ ಆಸುಪಾಸು. ಅಂದರೆ ಹತ್ತು ಲಕ್ಷಕ್ಕೆ ಒಂದು ಮಾತ್ರ ನಮ್ಮ ಕೈಗೆ ಸಿಕ್ಕಿದೆ.

ಹುಡುಕುವ ದಾರಿ ಮೂರು. ಮೊದಲನೆಯದು ಎಕ್ಸ್-ಕಿರಣ. ಕಪ್ಪುಕುಳಿ ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆದುಕೊಂಡಾಗ ಆ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಹೀಗೆ 1964ರಲ್ಲಿ ರಾಕೆಟ್ ಉಪಕರಣಕ್ಕೆ ಸಿಕ್ಕಿತು. ಅದು ಸೂರ್ಯನ ಸುಮಾರು 21 ಪಟ್ಟು ಭಾರ. ಐವತ್ತು ವರ್ಷದ ಹಿಂದೆ ನಮ್ಮ ಶಾಲೆ ಶುರುವಾದಾಗ ಇಡೀ ಆಕಾಶಗಂಗೆಯಲ್ಲಿ ಬಲವಾದ ಸಾಕ್ಷ್ಯವಿದ್ದ ಕಪ್ಪುಕುಳಿ ಇದೊಂದೇ. ಇದು ಕಪ್ಪುಕುಳಿಯಲ್ಲ ಎಂದು ಸ್ಟೀಫನ್ ಹಾಕಿಂಗ್ ಗೆಳೆಯ ಕಿಪ್ ಥಾರ್ನ್ ಜೊತೆ ಬಾಜಿ ಕಟ್ಟಿದ್ದರು, 1990ರಲ್ಲಿ ಸೋಲೊಪ್ಪಿಕೊಂಡರು.

ಎರಡನೆಯದು ಓಲಾಟ. ಕಾಣದ ಜೊತೆಗಾರನ ಸುತ್ತ ಸುತ್ತುವ ನಕ್ಷತ್ರ ಆಕಾಶದಲ್ಲಿ ಸ್ವಲ್ಪವೇ ತೂಗಾಡುತ್ತದೆ. ಯುರೋಪಿನ ಗಯಾ ಉಪಗ್ರಹ ಇಂಥ ತೂಗಾಟವನ್ನು ಅಳೆಯಿತು. 2022ರಲ್ಲಿ ಗೊತ್ತಾದ ಗಯಾ ಬಿಎಚ್-1 ನಮಗೆ ತಿಳಿದಿರುವ ಕಪ್ಪುಕುಳಿಗಳಲ್ಲೇ ಹತ್ತಿರದ್ದು; ಸುಮಾರು 1,560 ಜ್ಯೋತಿರ್ವರ್ಷ ದೂರ. 2024ರಲ್ಲಿ ಸಿಕ್ಕ ಗಯಾ ಬಿಎಚ್-3 ಸೂರ್ಯನ 33 ಪಟ್ಟು ಭಾರ. ನಮ್ಮ ಶ್ರವಣ ನಕ್ಷತ್ರ ಇರುವ ಗರುಡ ಪುಂಜದಲ್ಲೇ ಅದೂ ಇದೆ.

ಮೂರನೆಯದು ಒಂಟಿ ಕಪ್ಪುಕುಳಿಗಳಿಗೆ. ಜೊತೆಗಾರರಿಲ್ಲದೆ ಅಲೆಯುವುದು ದೂರದ ನಕ್ಷತ್ರವೊಂದರ ಎದುರು ಹಾದುಹೋದರೆ ಅದರ ಗುರುತ್ವ ಮಸೂರದಂತೆ ಕೆಲಸ ಮಾಡಿ ಹಿಂದಿನ ನಕ್ಷತ್ರ ಸ್ವಲ್ಪ ಕಾಲ ಹೆಚ್ಚು ಹೊಳೆಯುತ್ತದೆ. 2011ರಲ್ಲಿ ಕಂಡ ಅಂಥ ಒಂದು ಹೊಳಪನ್ನು ಹಬಲ್ ದೂರದರ್ಶಕ ವರ್ಷಗಟ್ಟಲೆ ಗಮನಿಸಿತು. 2022ರಲ್ಲಿ ಮೊದಲ ಒಂಟಿ ಕಪ್ಪುಕುಳಿಯ ಸುದ್ದಿ ಬಂತು.

ಇವೆಲ್ಲ ನಕ್ಷತ್ರದಿಂದಾದವು. ಇವುಗಳಿಗೆ ಸೇರದ ಒಂದು, ಧನು ರಾಶಿಯ ದಿಕ್ಕಿನಲ್ಲಿ, ಆಕಾಶಗಂಗೆಯ ನಟ್ಟನಡುವೆ ಇದೆ. ಸೂರ್ಯನ ಸುಮಾರು 43 ಲಕ್ಷ ಪಟ್ಟು ಭಾರ. ಅದರ ಸುತ್ತ ಧಾವಿಸುವ ನಕ್ಷತ್ರಗಳನ್ನು ದಶಕಗಟ್ಟಲೆ ಅಳೆದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆನ್ಜೆಲ್ 2020ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಕೋಟಿಗಟ್ಟಲೆ ಎಂದ ಕೂಡಲೇ ಭೂಮಿಯನ್ನು ನುಂಗುತ್ತದೆಯೇ ಎಂಬ ಭಯ ಬೇಡ. ಮೊಬೈಲಿನಲ್ಲಿ ಬರುವ ಅಂಥ ವಿಡಿಯೊಗಳನ್ನು ನಂಬಬೇಡಿ. ಗಯಾ ಬಿಎಚ್-1ರ ಜೊತೆಗಾರನಿಂದ ಇಂದು ನಮಗೆ ತಲುಪುತ್ತಿರುವ ಬೆಳಕು ಹೊರಟಾಗ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು. ಅಷ್ಟು ದೂರ ಅದು. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನಂತೆಯೇ ಸುತ್ತುತ್ತದೆ. ಕತ್ತಲೆ ಮತ್ತು ಚಳಿ ಮಾತ್ರ ಬರುತ್ತದೆ.

ಈ ಕಥೆಯಲ್ಲಿ ನಮ್ಮ ನಾಡಿನವರೂ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಪ್ಪುಕುಳಿಯನ್ನು ಕದಡಿದರೆ ಅದು ಬಡಿದ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅದನ್ನು ಪರೀಕ್ಷಿಸುವ ಉಪಕರಣ ಆಗ ಇರಲಿಲ್ಲ. 2015ರ ಸೆಪ್ಟೆಂಬರ್ 14ರಂದು, ಬೇರೊಂದು ಗೆಲಕ್ಸಿಯಲ್ಲಿ ಎರಡು ಕಪ್ಪುಕುಳಿಗಳು ಒಂದಾದ ಗುರುತ್ವ ಅಲೆಯನ್ನು ಅಮೆರಿಕದ ಲೈಗೊ ಹಿಡಿಯಿತು. ಅಲೆಯ ಕೊನೆಯಲ್ಲಿ ಆ ಮಿಡಿತಕ್ಕೆ ಹೊಂದುವ ಗುರುತು ಇತ್ತು. ನಲವತ್ತೈದು ವರ್ಷದ ನಂತರ! ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಸ್ಥಾಪಕ ನಿರ್ದೇಶಕರಾಗಿ ಕಟ್ಟಿದವರೂ ಅವರೇ. 2017ರಲ್ಲಿ ತೀರಿಕೊಂಡ ಅವರು ಆ ಸುದ್ದಿಯನ್ನು ಕೇಳಿಯೇ ಹೋದರು ಎಂಬುದು ನನಗೆ ಸಮಾಧಾನ.

ಮಕ್ಕಳೇ, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಲೆಕ್ಕ ನಮಗಲ್ಲ, ವಿಜ್ಞಾನ ಪೇಟೆಯ ಮಕ್ಕಳಿಗೆ ಎಂದು ಬಿಟ್ಟುಬಿಡುವವರು ನಮ್ಮಂಥ ಶಾಲೆಗಳಲ್ಲಿ ಈಗಲೂ ಇದ್ದಾರೆ. ಹೆಣ್ಣುಮಕ್ಕಳನ್ನು ಬಿಡಿಸುವವರೂ ಇದ್ದಾರೆ. ಇವತ್ತು ನಾವು 10 ಕೋಟಿಗೆ ಬಂದದ್ದು ಒಂದು ಭಾಗಾಕಾರದಿಂದ. ನೀವು ಅದನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೀರಿ. ಗಯಾ 2025ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು, ಆದರೆ ಅದು ಕಳಿಸಿದ ಅಳತೆಗಳ ವಿಶ್ಲೇಷಣೆ ಇನ್ನೂ ಮುಗಿದಿಲ್ಲ. ಪ್ರಕಟವಾದ ಅಳತೆಗಳನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಈ ಶಾಲೆಯ ಕಂಪ್ಯೂಟರಿನಲ್ಲೂ. ಹತ್ತು ಲಕ್ಷದಲ್ಲಿ ಒಂದನ್ನಷ್ಟೇ ಕಂಡಿದ್ದೇವೆ ಎಂದರೆ ಕೆಲಸ ಬೇಕಾದಷ್ಟು ಬಾಕಿ ಇದೆ ಎಂದರ್ಥ. ಓದು ಬಿಡಬೇಡಿ. ತಂದೆತಾಯಂದಿರಲ್ಲಿ ನನ್ನ ವಿನಂತಿಯೂ ಇಷ್ಟೇ, ಬಿಡಿಸಬೇಡಿ.