ಗಡಿ ಸರಿದ ಮೇಲೆ ಧರ್ಮಪುರಿ

ಸೇಲಂ ಎಂದರೆ ಮಾವು, ಮಗ್ಗ, ಉಕ್ಕಿನ ಕಾರ್ಖಾನೆ. ಧರ್ಮಪುರಿ ಎಂದರೆ ಬರ, ಗುಳೆ, ಫ್ಲೋರೈಡ್ ನೀರು. ಎರಡರ ನಡುವೆ ತೊಪ್ಪೂರು ಘಾಟಿಯಷ್ಟೇ ಅಡ್ಡ. ಆದರೂ ಒಂದು ಮಹಾನಗರವಾಯಿತು, ಇನ್ನೊಂದು ಹಿಂದೆಯೇ ಉಳಿಯಿತು. ಮಳೆ ಕಡಿಮೆ, ಏನು ಮಾಡೋಣ ಎಂದು ಜನ ಕೈಚೆಲ್ಲುತ್ತಾರೆ. ಹಿಂದೆ ಧರ್ಮಪುರಿ ಜಿಲ್ಲೆಯಲ್ಲೇ ಇದ್ದ ಹೊಸೂರಿನದೂ ಮಳೆ ನಂಬಿದ ಒಣನೆಲವೇ. ಬೆಂಗಳೂರು ಪಕ್ಕದಲ್ಲಿತ್ತು, 1970ರ ದಶಕದಲ್ಲಿ ಕೈಗಾರಿಕಾ ವಸಾಹತು ಬಂತು, ಬೆಳೆಯಿತು. ಕಾವೇರಿಯಾದರೂ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲೇ ಧುಮುಕುತ್ತಾಳೆ. ಆದರೆ ಕೊರಕಲಿನಲ್ಲಿ ಹರಿಯುವ ಆ ನೀರು ಮೇಲಿನ ಹೊಲಕ್ಕೆ ಹತ್ತುವುದಿಲ್ಲ; 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನಿಂದ ತಂಜಾವೂರಿನ ಗದ್ದೆಗಳು ತಣಿದವು. ಆದ್ದರಿಂದ ಮಳೆಯನ್ನೊಂದೇ ದೂರಿ ಪ್ರಯೋಜನವಿಲ್ಲ. ಧರ್ಮಪುರಿಗೆ ಬೆಲೆ ತಂದದ್ದು ಮೈಸೂರು ಸೀಮೆಗೂ ತಮಿಳು ಬಯಲಿಗೂ ನಡುವಿನ ಗಡಿ. ಗಡಿ ಸರಿದಾಗ ಬೆಲೆಯೂ ಹೋಯಿತು.

ಧರ್ಮಪುರಿಯ ಹಳೆಯ ಹೆಸರು ತಗಡೂರು. ತಮಿಳು ಕವಯಿತ್ರಿ ಔವೈಯಾರ್ ಹಾಡಿ ಹೊಗಳಿದ ಅರಸ ಅದಿಯಮಾನನ ಊರು. ಮುಂದೆ ನೊಳಂಬ ಅರಸರು ಬಂದರು. ಮಹೇಂದ್ರ ನೊಳಂಬನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನವೊಂದು ಇಲ್ಲಿಯದು: ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಅಣ್ಣತಮ್ಮಂದಿರು ಬಸದಿ ಕಟ್ಟಿಸಿದ ಸಂಗತಿ. ವ್ಯಾಪಾರಿಗಳು ದುಡ್ಡು ಸುರಿದು ಬಸದಿ ಎಬ್ಬಿಸುವಂಥ ಪೇಟೆಯಾಗಿತ್ತು ಅದು, ಗಮನಿಸಿ. ಮೈಸೂರು ಸೀಮೆಯ ದಿಣ್ಣೆಯಿಂದ ತಮಿಳು ಬಯಲಿಗೆ ಇಳಿಯುವವರಿಗೆ ಇದೊಂದು ಹೆಬ್ಬಾಗಿಲು. ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಎಲ್ಲರೂ ಈ ಸೀಮೆಗಾಗಿ ಕಾದಾಡಿದರು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಮೈಸೂರಿನ ಟಿಪ್ಪು ಧರ್ಮಪುರಿ ಸೇರಿದ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕ್ಯಾಪ್ಟನ್ ರೀಡ್ ಮೇಲಧಿಕಾರಿ. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಈ ಮನುಷ್ಯ ಏಳು ವರ್ಷ ಈ ಸೀಮೆಯಲ್ಲಿ ಹೊಲ ಅಳೆಸಿ, ರೈತನೊಂದಿಗೆ ನೇರವಾಗಿ ಕಂದಾಯ ಗೊತ್ತುಮಾಡುವ ಪಾಠ ಕಲಿತ. ಧರ್ಮಪುರಿಯಲ್ಲಿ ಆಸೆಪಟ್ಟು ತೋಟ ಬೆಳೆಸಿದ. 1799ರಲ್ಲಿ ನಮ್ಮ ಕೆನರಾ ಜಿಲ್ಲೆಗೆ ಕಲೆಕ್ಟರಾಗಿ ಬಂದವನೂ ಇವನೇ. ದಕ್ಷಿಣ ಭಾರತದ ಪಹಣಿ ಪತ್ರದ ಹಿಂದೆ ಧರ್ಮಪುರಿಯ ಒಣ ಹೊಲಗಳಿವೆ ಎಂದರೆ ಅತಿಶಯವಲ್ಲ. ಅದೇ 1799ರಲ್ಲಿ ಟಿಪ್ಪು ಮಡಿದ, ಆ ಕಡೆ ಕಂಪನಿಗೆ ಎದುರಾಳಿಯೇ ಉಳಿಯಲಿಲ್ಲ. ಕಾಯುವುದಕ್ಕೆ ಗಡಿಯಿಲ್ಲ, ಕೋಟೆಗೆ ಕೆಲಸವಿಲ್ಲ. ಮದರಾಸಿನ ರೈಲು ಮೊರಪ್ಪೂರಿನ ಮೇಲೆ ಸೇಲಂಗೆ ಹೋಯಿತು, ಧರ್ಮಪುರಿ ಪಕ್ಕಕ್ಕೆ ಬಿತ್ತು. 1906ರಲ್ಲಿ ಮೊರಪ್ಪೂರಿನಿಂದ ಪುಟ್ಟ ರೈಲೊಂದು ಬಂತು, ಮುಂದೆ ಹೊಸೂರಿಗೂ ಮುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳಿಯನ್ನೇ ಕಿತ್ತರು! ಸೇಲಂ ಮೊದಲೇ ನೇಕಾರರ ಊರು, ತನ್ನ ಬಲದಿಂದಲೇ ಬೆಳೆಯಿತು ಎನ್ನಬಹುದು. ನಿಜವೇ. ಆದರೆ ಮಗ್ಗದ ಸೀರೆ ದೂರದ ಪೇಟೆ ಮುಟ್ಟಲು ರೈಲೇ ಬೇಕಿತ್ತಲ್ಲ. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿ ಬಂತು, ಕಳೆದ ಬೆಲೆ ಬರಲಿಲ್ಲ. 2004ರಲ್ಲಿ ಕೃಷ್ಣಗಿರಿ ಬೇರೆಯಾದಾಗ ಹೊಸೂರಿನ ಕಾರ್ಖಾನೆಗಳೂ ಅದರ ಪಾಲಾದವು.

ಬೆಂಗಳೂರಿನಿಂದ ಸೇಲಂ ಕಡೆ ಹೋಗುವವರು ಹೆದ್ದಾರಿಯಿಂದ ಸ್ವಲ್ಪ ಒಳಗೆ ತಿರುಗಿ, ಧರ್ಮಪುರಿ ಕೋಟೆಯ ಮಲ್ಲಿಕಾರ್ಜುನ ಗುಡಿಯಲ್ಲಿ ನೊಳಂಬರ ಕೆತ್ತನೆ ನೋಡಿಕೊಂಡು ಹೋಗಿ.