ಕುಂಡದ ಗಿಡಕ್ಕೆ ಯಾರ ಹೆಸರು?

(ತೋಟಗಾರಿಕೆ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ತೂಗುಕುಂಡದಿಂದ ಇಳಿಬಿದ್ದಿರುವ ಒಂದು ಬಳ್ಳಿಯನ್ನು ನರ್ಸರಿಗಳಲ್ಲಿ ನೀವೆಲ್ಲ ಕಂಡಿದ್ದೀರಿ. ಎಲೆಯ ಮೇಲೆ ಬೆಳ್ಳಿಯ ಪಟ್ಟೆ, ಅಡಿಯಲ್ಲಿ ನೇರಳೆ ಬಣ್ಣ. ಒಂದು ಗೆಣ್ಣು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಮೆಕ್ಸಿಕೊ, ಮಧ್ಯ ಅಮೆರಿಕಗಳ ಕಡೆಯ ಈ ಸಸ್ಯಕ್ಕೆ ಶಾಸ್ತ್ರದಲ್ಲಿ ಟ್ರಾಡೆಸ್ಕ್ಯಾಂಶಿಯ ಜೆಬ್ರಿನ ಎಂದು ಹೆಸರು. ಆದರೆ ಅದು ಮನೆಮನೆಗೆ ಹೋದದ್ದು ‘ವಾಂಡರಿಂಗ್ ಜ್ಯೂ’, ಅಂದರೆ ‘ಅಲೆಮಾರಿ ಯಹೂದಿ’ ಎಂಬ ಹೆಸರಿನಲ್ಲಿ.

ಎಲ್ಲಿ ಹಾಕಿದರೂ ಬದುಕುವ ಗಿಡ ತಾನೆ, ಇದು ಹೊಗಳಿಕೆಯೇ ಇರಬೇಕು ಎನ್ನುವವರಿದ್ದಾರೆ. ಮೋಶೆಯ ಜನ ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದ ಕತೆಗೆ ಇದನ್ನು ಹೊಂದಿಸುವವರೂ ಉಂಟು. ಮೂಲ ಬೇರೆಯೇ ಇದೆ. ಶಿಲುಬೆ ಹೊತ್ತು ನಡೆಯುತ್ತಿದ್ದ ಯೇಸುವನ್ನು ಯಹೂದಿಯೊಬ್ಬ ಹಂಗಿಸಿದನಂತೆ. ಲೋಕ ಮುಗಿಯುವವರೆಗೂ ಸಾವಿಲ್ಲದೆ ಅಲೆಯುವ ಶಾಪ ಅವನಿಗೆ ತಗುಲಿತಂತೆ. ಬೈಬಲಿನಲ್ಲಿ ಇಲ್ಲದ ಈ ಕತೆ ಮಧ್ಯಯುಗದ ಯುರೋಪಿನಲ್ಲಿ ಹುಟ್ಟಿತು. 1602ರ ಒಂದು ಜರ್ಮನ್ ಕಿರುಹೊತ್ತಿಗೆ ಆ ಮನುಷ್ಯನನ್ನು ಅಹಸ್ವೇರಸ್ ಎಂದು ಕರೆದು ಕತೆಯನ್ನು ಎಲ್ಲೆಡೆ ಹಬ್ಬಿಸಿತು. ಯಹೂದಿಗಳನ್ನು 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಹೊರದೂಡಿದ್ದು ಆ ಹೊತ್ತಿಗಾಗಲೇ ನಡೆದುಹೋಗಿತ್ತು. ಮನೆ ಕಿತ್ತುಕೊಂಡು ಓಡಿಸಿದ್ದೂ ಅಲ್ಲದೆ, ಅಲೆಯುವುದು ನಿನ್ನ ಹಣೆಬರಹ ಎಂದಂತಾಯಿತು! ಜರ್ಮನಿಯಲ್ಲಿ ಈ ಪಾತ್ರಕ್ಕೆ ‘ಚಿರಂಜೀವಿ ಯಹೂದಿ’ ಎಂಬ ಅರ್ಥದ ಹೆಸರಿದೆ. ನಾಜಿಗಳು 1937ರಲ್ಲಿ ಮ್ಯೂನಿಕ್‌ನಲ್ಲಿ ನಡೆಸಿದ ದ್ವೇಷದ ಪ್ರದರ್ಶನಕ್ಕೂ 1940ರ ಪ್ರಚಾರ ಚಿತ್ರಕ್ಕೂ ಇಟ್ಟದ್ದು ಅದೇ ಹೆಸರನ್ನು.

ಗಿಡಕ್ಕೆ ಹೆಸರಿಟ್ಟವನಿಗೆ ಇದೆಲ್ಲ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ತಿಳಿದ ಮೇಲೂ ನಾವು ಅದನ್ನೇ ಕೂಗಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ. ಇಂಗ್ಲಿಷಿನವರಲ್ಲಿ ಹಲವರು ಈಗ ‘ಇಂಚ್ ಪ್ಲಾಂಟ್’ ಎನ್ನುತ್ತಾರೆ. ನಾವು ‘ಬೆಳ್ಳಿಪಟ್ಟೆ ಬಳ್ಳಿ’ ಎನ್ನಬಹುದು.

ಹೆಸರು ಬದಲಿಸುವುದು ಬರಿಯ ಹುಡುಗಾಟ ಎಂದು ಮೂಗು ಮುರಿಯುವವರಿಗೆ ಒಂದು ಸುದ್ದಿ. ಬದಲಾವಣೆಗೆ ಸುಲಭವಾಗಿ ಒಪ್ಪದ ಸಸ್ಯಶಾಸ್ತ್ರಜ್ಞರೇ 2024ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿ ಮತ ಹಾಕಿ, ‘ಕಾಫ್ರ’ ಎಂಬ ಪದವಿದ್ದ ಇನ್ನೂರಕ್ಕೂ ಹೆಚ್ಚು ಶಾಸ್ತ್ರೀಯ ಹೆಸರುಗಳನ್ನು ‘ಆಫ್ರ’ ಎಂದು ತಿದ್ದಲು ನಿರ್ಧರಿಸಿದರು. ನಮ್ಮ ಹಾಲವಾಣದ ಆಫ್ರಿಕದ ದಾಯಾದಿ ಎರಿತ್ರಿನ ಕಾಫ್ರ ಹೀಗೆ ಎರಿತ್ರಿನ ಆಫ್ರ ಆಯಿತು. ‘ಕಾಫಿರ್’ ದಕ್ಷಿಣ ಆಫ್ರಿಕದಲ್ಲಿ ಕರಿಯರನ್ನು ಹೀಯಾಳಿಸುವ ಘೋರ ಬೈಗುಳ. ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುವುದನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ‘ಅತ್ತೆಯ ನಾಲಗೆ’. ಕತ್ತಿಯಂತೆ ನೆಟ್ಟಗೆ ನಿಲ್ಲುವ ಆ ಗಿಡದ ಹೆಸರು ಕೇಳಿ ಸೊಸೆಯಂದಿರು ನಗುತ್ತಾರೆ, ಅತ್ತೆಯಂದಿರೂ ಕೆಲವೊಮ್ಮೆ ನಗುತ್ತಾರೆ. ಇದನ್ನು ಯಹೂದಿಯ ಹೆಸರಿನ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣದು. ಆದರೂ ಇದಕ್ಕೆ ಹೆಚ್ಚು ಚಂದದ ಹೆಸರು ನಮ್ಮ ಕೈಯಲ್ಲೇ ಇದೆ. ಈ ಗಿಡ ಪಶ್ಚಿಮ ಆಫ್ರಿಕದ್ದು. ಇದರ ಬಂಧುವೊಂದು ಭಾರತದ್ದೇ. ಅದರ ಎಲೆಯ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು. ಹೆದೆಗೆ ಸಂಸ್ಕೃತದಲ್ಲಿ ‘ಮೌರ್ವಿ’ ಎಂಬ ಹೆಸರು ಬಂದದ್ದು ‘ಮೂರ್ವಾ’ ಎಂಬ ಗಿಡದಿಂದ. ಆ ಮೂರ್ವಾ ಇದೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ‘ಹೆದೆನಾರು’ ಎಂದರೆ ಹೇಗೆ?

ದೂರದಿಂದ ಬಂದ ಗಿಡಕ್ಕೆ ಹೆಸರಿಡುವುದು ಕನ್ನಡಿಗರಿಗೆ ಹೊಸದೇನಲ್ಲ. ಸಂಜೆಮಲ್ಲಿಗೆ, ರಾತ್ರಿರಾಣಿ, ಮುಟ್ಟಿದರೆ ಮುನಿ ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಹೂ ಯಾವಾಗ ಅರಳುತ್ತದೆ, ಎಲೆ ಹೇಗೆ ಮುದುಡುತ್ತದೆ ಎಂದು ನೋಡಿ ಹೆಸರಿಟ್ಟರು. ರಾತ್ರಿ ಅರಳುವ ಕಳ್ಳಿಯೊಂದಕ್ಕೆ ‘ಬ್ರಹ್ಮಕಮಲ’ ಎಂದು ಕರೆದು ಪೂಜೆಯನ್ನೂ ಮಾಡಿದೆವು. ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಆ ಮಾತು ಇರಲಿ. ನಮ್ಮವರೆಲ್ಲ ಸಾಧುಗಳೇನಲ್ಲ. ಹೊಲ ನುಂಗಿದ ಪಾರ್ಥೇನಿಯಂ ಕಳೆಗೆ ‘ಕಾಂಗ್ರೆಸ್ ಗಿಡ’ ಎಂದವರೂ ನಾವೇ.

ಕೊನೆಯದಾಗಿ, ದಪ್ಪ ಕಾಂಡದ, ಚುಕ್ಕೆ ಎಲೆಯ ಡೀಫೆನ್‌ಬಾಕಿಯ. ಇಂಗ್ಲಿಷಿನಲ್ಲಿ ‘ಡಂಬ್ ಕೇನ್’, ಮೂಗನ ಕೋಲು. ಇದು ಕೆಸುವಿನ ಕುಟುಂಬದ್ದು. ಸರಿಯಾಗಿ ಬೇಯದ ಕೆಸು ಬಾಯಿ ತುರಿಸುವುದಕ್ಕೆ ಕಾರಣವಾದ ಸೂಜಿಯಂಥ ಹರಳುಗಳೇ ಇದರಲ್ಲೂ ಇವೆ. ಜಗಿದರೆ ನಾಲಗೆ ಊದಿ ಮಾತು ನಿಲ್ಲುತ್ತದೆ. ವೆಸ್ಟ್ ಇಂಡೀಸಿನ ತೋಟದ ಧಣಿಗಳು ಗುಲಾಮರಿಗೆ ಶಿಕ್ಷೆಯಾಗಿ ಇದನ್ನು ಬಾಯಿಗೆ ಇಡುತ್ತಿದ್ದರೆಂದು ಬರೆದಿಟ್ಟವರಿದ್ದಾರೆ. ಮಾತು ಬಾರದವರನ್ನು ಅಣಕಿಸುವ ಆ ಹೆಸರು ನಮಗೆ ಬೇಡ. ಆದರೆ ಅದರೊಳಗಿನ ಎಚ್ಚರಿಕೆ ಬೇಕು. ಕುಂಡದ ಚೀಟಿಯಲ್ಲಿ ‘ಬಾಯಿತುರಿಕೆ ಗಿಡ’ ಎಂದು ಬರೆಯಿರಿ. ಮಕ್ಕಳಿಗೂ ನಾಯಿಗೂ ಎಟುಕದಷ್ಟು ಮೇಲೆ ಇಡಿ.