ಬೆಳೆಯುವ ಅಂಗದ ಲೆಕ್ಕ

ಕಳಿತ ಬಾಳೆಹಣ್ಣನ್ನು ಮುತ್ತುವ ಡ್ರೊಸೊಫಿಲ ನೊಣದ ರೆಕ್ಕೆಯು, ನೊಣವಿನ್ನೂ ಮರಿಹುಳುವಾಗಿರುವಾಗಲೇ ಅದರ ಒಡಲೊಳಗೆ ಚಪ್ಪಟೆ ಚೀಲದಂತಹ ಅಂಗಾಂಶವಾಗಿ ಬೆಳೆಯತೊಡಗುತ್ತದೆ. ರೆಕ್ಕೆಬಿಲ್ಲೆ ಎನ್ನಬಹುದಾದ ಈ ಅಂಗಾಂಶದಲ್ಲಿ ಮೊದಲಿಗೆ ಹೆಚ್ಚುಕಡಿಮೆ 50 ಜೀವಕೋಶಗಳಿದ್ದು, ನಾಲ್ಕೈದು ದಿನಗಳಲ್ಲಿ ಅವು 50,000ದ ಆಸುಪಾಸಿಗೆ ಏರುತ್ತವೆ. ಒಂದು ಎರಡಾಗುವ ಕ್ರಿಯೆ 10 ಸುತ್ತು ನಡೆದರೆ ಸಂಖ್ಯೆ 1,024 ಪಟ್ಟಾಗುವುದರಿಂದ ಇಷ್ಟು ಬೆಳವಣಿಗೆಗೆ ಹತ್ತು ಸುತ್ತು ಸಾಕು; ಮತ್ತೆ ಹತ್ತು ಸುತ್ತು ನಡೆದಿದ್ದರೆ ಕೋಶಗಳು ಐದು ಕೋಟಿಯಾಗಿ, ನೊಣಕ್ಕೆ ಹೊರಲಾಗದ ರೆಕ್ಕೆ ಮೂಡುತ್ತಿತ್ತು.

ಕೋಶಗಳ ಸಂಖ್ಯೆ ಬದಲಾಗುವ ವೇಗವು, ವಿಭಜನೆಯ ದರದಿಂದ ಸಾವಿನ ದರವನ್ನು ಕಳೆದು ಉಳಿದದ್ದನ್ನು ಆಗಿನ ಸಂಖ್ಯೆಯಿಂದ ಗುಣಿಸಿದಷ್ಟಿರುತ್ತದೆ ಎಂಬುದು ಇಲ್ಲಿಯ ಮೂಲ ಸಮೀಕರಣ. ಎರಡೂ ದರಗಳು ಸಮವಾದಾಗ ಸಂಖ್ಯೆ ಸ್ಥಿರವಾಗುತ್ತದೆಯಾದರೂ ಕೋಶಗಳು ಸುಮ್ಮನಿವೆಯೆಂದು ಅದರಿಂದ ಹೇಳಲಾಗದು: ಮನುಷ್ಯನ ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಪೂರ್ತಿ ಹೊಸದಾಗುತ್ತಿದ್ದರೂ ಅದರ ಗಾತ್ರ ಹಾಗೆಯೇ ಉಳಿಯುತ್ತದೆ. ರೆಕ್ಕೆಬಿಲ್ಲೆಯ ದಾರಿ ಬೇರೆ. ಅಲ್ಲಿ ವಿಭಜನೆಯೇ ನಿಧಾನವಾಗುತ್ತ ಹೋಗಿ, ಮೊದಲು ಆರೇಳು ಗಂಟೆಗಳಲ್ಲಿ ಇಮ್ಮಡಿಯಾಗುತ್ತಿದ್ದ ಸಂಖ್ಯೆಗೆ ಕೊನೆಯಲ್ಲಿ ಸುಮಾರು 30 ಗಂಟೆ ಬೇಕಾಗುತ್ತದೆ.

ಹೀಗೆ ನಿಧಾನವಾಗುವುದನ್ನು ಫರ್ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಗಾಗಿ ರೂಪಿಸಿದ ಸಮೀಕರಣದಿಂದ ಸೊಗಸಾಗಿ ಬರೆಯಬಹುದು. ಆದರೆ ಅದರಲ್ಲಿ ಗರಿಷ್ಠ ಮಿತಿಯನ್ನು ಮೊದಲೇ ತುಂಬಿಸಬೇಕಾಗುವುದರಿಂದ, ಅದು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಲೆಕ್ಕಕ್ಕೆ ಕೂತಂತೆ. ಆ ಮಿತಿಯನ್ನು ಕೋಶಗಳು ಅರಿಯುವುದು ಹೇಗೆಂಬುದೇ ನಿಜವಾದ ಪ್ರಶ್ನೆ.

ಬಿಲ್ಲೆಯ ನಡುವಿನ ಪಟ್ಟಿಯೊಂದರಲ್ಲಿ ಉತ್ಪತ್ತಿಯಾಗಿ ಅಂಚಿನ ಕಡೆಗೆ ತೆಳುವಾಗುತ್ತ ಹರಡುವ ಡಿ.ಪಿ.ಪಿ. ಎಂಬ ಪ್ರೋಟೀನು ಬೆಳವಣಿಗೆಗೆ ಪ್ರೇರಕ. ಅಂದಮೇಲೆ ನಡುವಿನ ಕೋಶಗಳು ಹೆಚ್ಚು ವೇಗವಾಗಿ ಒಡೆಯಬೇಕಿತ್ತು; ವಾಸ್ತವದಲ್ಲಿ ವಿಭಜನೆ ಎಲ್ಲೆಡೆ ಬಹುಮಟ್ಟಿಗೆ ಒಂದೇ ಸಮ. ಬೋರಿಸ್ ಶ್ರೈಮನ್ 2005ರಲ್ಲಿ ಮುಂದಿಟ್ಟ ಮಾದರಿಯಂತೆ, ನೆರೆಯ ಕೋಶಗಳಿಗಿಂತ ವೇಗವಾಗಿ ಬೆಳೆಯುವ ಕೋಶಗಳು ಸಂತೆಯ ನಡುವೆ ಸಿಕ್ಕವರಂತೆ ಒತ್ತಡಕ್ಕೊಳಗಾಗುತ್ತವೆ, ಆ ಒತ್ತಡವೇ ಅವುಗಳ ವಿಭಜನೆಗೆ ಕಡಿವಾಣ ಹಾಕುತ್ತದೆ. ಇದಕ್ಕೆ ಪ್ರತಿಯಾಗಿ 2011ರಲ್ಲಿ ಗೊನ್ಸಾಲೆಸ್-ಗೈತಾನ್ ಅವರ ತಂಡ, ತನಗೆ ತಲಪುವ ಡಿ.ಪಿ.ಪಿ. ಸಂಕೇತ ಸುಮಾರು ಅರ್ಧದಷ್ಟು ಹೆಚ್ಚಿದಾಗಲೆಲ್ಲ ಕೋಶವು ಒಡೆಯುತ್ತದೆಂಬ ನಿಯಮವನ್ನು ಮಂಡಿಸಿತು. ಈ ನಿಯಮ ಅಂದವಾದದ್ದು, ಬಹುಶಃ ಅತಿಯಾಗಿ ಅಂದವಾದದ್ದು. ಏಕೆಂದರೆ 2015ರಲ್ಲಿ ಅಕಿಯಾಮ ಮತ್ತು ಗಿಬ್ಸನ್ ಮರಿಹುಳುವಿನ ಕೊನೆಯ ಹಂತದಲ್ಲಿ ನಡುಪಟ್ಟಿಯ ಡಿ.ಪಿ.ಪಿ.ಯನ್ನು ತೆಗೆದುಹಾಕಿದಾಗ, ಬಿಲ್ಲೆ ಹೆಚ್ಚಿನ ಅಡ್ಡಿಯಿಲ್ಲದೆ ಬೆಳೆಯುತ್ತಲೇ ಹೋಯಿತು.